ಅವರು ಕೇಳಿ ಎಂದ ಹಾಡುಗಳು

ನನ್ನ ಗಂಡನದು ಪಾತ್ರೆ ವ್ಯಾಪಾರ. ರಾಮನಗರವನ್ನು ಆಗ ಎಲ್ಲರೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿನ ಪೇಟೆಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ಗಂಗಾಳ, ತಂಬಿಗೆ ಎಲ್ಲವನ್ನೂ ಸೂರಿನವರೆಗೆ ಜೋಡಿಸಿರುತ್ತಿದ್ದರು. ಕಂಚನ್ನು ಅವರು ಕಣ್ಣಿನಿಂದ ನೋಡಿ ಕೊಳ್ಳುತ್ತಿರಲಿಲ್ಲ. ಅಂಚಿಗೆ ಬೆರಳಿನ ಗೆಣ್ಣಿನಿಂದ ಒಂದು ಏಟು ಕೊಟ್ಟು, ನಾದ ಪೂರ್ತಿ ಆರುವ ತನಕ ತಲೆ ಬಗ್ಗಿಸಿ ಕೇಳುತ್ತಿದ್ದರು. ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೂ ನಾದ ಕೊನೆಯಲ್ಲಿ ಕೊಸರುತ್ತದಂತೆ. "ಇದು ಬ್ಯಾಡ" ಎಂದು ಪಕ್ಕಕ್ಕೆ ಸರಿಸಿದರೆ ಮುಗಿಯಿತು. ತಂದವನು ಎಷ್ಟು ಆಣೆ ಪ್ರಮಾಣ ಮಾಡಿದರೂ ಅದು ನಮ್ಮ ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ.

ಅದೇ ಕಿವಿಯಿಂದ ಹಾಡನ್ನೂ ಆರಿಸುತ್ತಿದ್ದರು. ಊರಿಗೆ ನಾಟಕದ ಕಂಪನಿ ಬಂದರೆ, ಎಲ್ಲಾದರೂ ಹರಿಕಥೆ ಇದ್ದರೆ, ಬೆಂಗಳೂರಿನಿಂದ ಹೊಸ ಪುಸ್ತಕ ಯಾರ ಕೈಗಾದರೂ ಸಿಕ್ಕರೆ, ಬೀದಿಯವರು ಮೊದಲು ನಮ್ಮ ಅಂಗಡಿಗೆ ಬಂದು ವಿಚಾರಿಸುತ್ತಿದ್ದರು. ನನ್ನ ಗಂಡ ಯಾವತ್ತೂ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದವರಲ್ಲ. ಯಾರಿಗೆ ಯಾವುದು ಎಂದು ಹೇಳುತ್ತಿದ್ದರು, ಅಷ್ಟೆ. "ನೀವು ಈ ನಾಟಕಕ್ಕೆ ಹೋಗ್ಬ್ಯಾಡಿ. ಇದ್ರಲ್ಲಿ ಅಣ್ಣತಮ್ಮದೀರು ಮನೆ ಒಡೀತಾರೆ. ನಿಮ್ಮನೇಲಿ ಈಗ ಆಗ್ತಿರೋದೇ ಸಾಕು" ಎಂದು ಒಬ್ಬರಿಗೆ ಹೇಳಿದರೆ, ಅದೇ ನಾಟಕಕ್ಕೆ ಇನ್ನೊಬ್ಬರನ್ನು ಬಲವಂತ ಮಾಡಿ ಕಳಿಸುತ್ತಿದ್ದರು. ಹೋದವರು ಮಾರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಒಂದು ತಂಬಿಗೆ ಕೊಂಡುಕೊಂಡು ಹೋಗುತ್ತಿದ್ದರು.

ನಾನು ಕನಕಪುರದ ಕಡೆಯ ದೊಡ್ಡಆಲಹಳ್ಳಿಯವಳು. ಮದುವೆಯಾಗಿ ಬಂದಾಗ ನನಗೆ ನಾಟಕವೂ ಗೊತ್ತಿಲ್ಲ, ಪುಸ್ತಕವೂ ಗೊತ್ತಿಲ್ಲ. ಊರಿನ ಮಠದಲ್ಲಿ ಒಂದಿಷ್ಟು ದಿನ ಮರಳಿನ ಮೇಲೆ ಅಕ್ಷರ ತಿದ್ದಿದ್ದೆ. ದನ ಕಾಯುವ ಕೆಲಸ ಬಂದ ಮೇಲೆ ಅದೂ ಮರೆತಿತ್ತು. ಬಂದ ಮೊದಲ ವರ್ಷ ಈ ಮನುಷ್ಯ ಏನು ಮಾಡುತ್ತಾರೆ ಎಂಬುದೇ ನನಗೆ ತಿಳಿಯಲಿಲ್ಲ. ಪಾತ್ರೆ ಕೊಳ್ಳಲು ಬಂದವರ ಜೊತೆ ಗಂಟೆಗಟ್ಟಲೆ ರಾಜಕುಮಾರಿಯರ ಕಥೆ ಮಾತಾಡುತ್ತಾರಲ್ಲ ಎಂದು ಅಡಿಗೆಮನೆಯಲ್ಲಿ ಕೂತು ಆಶ್ಚರ್ಯಪಡುತ್ತಿದ್ದೆ.

ಒಂದು ವರ್ಷ ದೀಪಾವಳಿಯ ವ್ಯಾಪಾರ ಕೈಹಿಡಿದಾಗ ಬೆಂಗಳೂರಿಗೆ ಹೋಗಿ ಗ್ರಾಮಫೋನು ತಂದರು. ರೈಲಿನಿಂದ ಇಳಿದವರು ಆ ದೊಡ್ಡ ತುತ್ತೂರಿಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಬೀದಿಯಲ್ಲಿ ನಡೆದು ಬಂದರು. ಪಡಸಾಲೆಯಲ್ಲಿ ಮಣೆ ಹಾಕಿ, ಮೇಲೆ ಬಿಳಿ ವಸ್ತ್ರ ಹಾಸಿ ಇಟ್ಟರು. ಕೀ ಕೊಟ್ಟು ಪ್ಲೇಟಿನ ಮೇಲೆ ಮುಳ್ಳು ಇಳಿಸಿದಾಗ ಗಂಡಸಿನ ದನಿ ಬಂತು. ನಮ್ಮ ಅತ್ತೆ ಎದ್ದು ನಿಂತುಬಿಟ್ಟರು.

"ಪೆಟ್ಗೆ ಒಳ್ಗೆ ಯಾರ್ನ ಕೂಡಾಕಿದ್ದೀಯಪ್ಪ? ಪಾಪ, ಬುಟ್ಬುಡು" ಎಂದರು.

ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಅತ್ತೆ ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಆವತ್ತು ಅಳಲಿಲ್ಲವಂತೆ. ಆಮೇಲೂ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಪ್ಲೇಟು ಬಂದ ಹೊಸತರಲ್ಲಿ ಅವರು ಇದೇನು ಗೌಜು ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನನ್ನ ಗಂಡ ಸಮಯಕ್ಕೆ ಕಾದರು. ಒಂದು ಸೋಮವಾರ ಪೂಜೆ ಮುಗಿಸಿ ಅತ್ತೆ ಹಣೆಗೆ ವಿಭೂತಿ ಧರಿಸಿ ಕೂತಿದ್ದಾಗ ಒಂದು ಪ್ಲೇಟು ಹಾಕಿದರು. ಬಹಳ ವಯಸ್ಸಾದ ದನಿ, ನಡುಗುವ ದನಿ, ಶಿವನನ್ನು ಕರೆಯುತ್ತಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಪ್ರತಿ ಸೋಮವಾರ, "ಲೋ ಮಗ, ಆ ಮುದುಕನ್ನ ಹಾಡ್ಸು" ಎಂದು ತಾವೇ ಕೇಳುತ್ತಿದ್ದರು.

ನನಗೆ ಯಾವುದು ಎಂದು ಅವರು ಬೇಗ ಹೇಳಲಿಲ್ಲ. ಬೀದಿಯವರಿಗೆಲ್ಲ ಒಂದೊಂದು ಹಂಚಿದ ಮೇಲೂ ನನ್ನ ಸರದಿ ಬರಲಿಲ್ಲ. ನನಗೆ ಒಳಗೊಳಗೇ ಸಿಟ್ಟು. ಕೊನೆಗೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಒಳಗೆ ಬಂದು, "ಬಾ ಇಲ್ಲಿ, ಇದು ನಿಂಗೆ ಕಣಮ್ಮಿ" ಎಂದರು. ಹೆಂಗಸಿನ ದನಿ. ಪದಗಳು ಕಡಿಮೆ, ರಾಗವೇ ಹೆಚ್ಚು. ನನಗೆ ಹಿಡಿಸಲಿಲ್ಲ.

"ಇವ್ಳು ಅಳ್ತಾ ಅವಳೆ" ಎಂದೆ.

"ಅಳ್ತಿಲ್ಲ ಕಣೆ. ಅತ್ತು ಮುಗ್ಸಿದೋಳು ಹಾಡ್ತಾ ಇರೋದು. ಒಸಿ ದಿನ ಬುಟ್ಟು ಇನ್ನೊಂದ್ಸಲ ಕೇಳು."

ಆ ವರ್ಷ ನನ್ನ ಮೊದಲ ಮಗು ಹುಟ್ಟಿದ ದಿನವೇ ಹೋಯಿತು. ಬಾಣಂತಿ ಕೋಣೆಯಿಂದ ಎದ್ದು ಬಂದ ಮೇಲೆ ಒಂದು ದಿನ ಅದೇ ಪ್ಲೇಟು ಹಾಕಿಸಿಕೊಂಡು ಕೇಳಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಪುಸ್ತಕ ಓದುತ್ತಿದ್ದರು. ಲಾಂದ್ರದ ಮುಂದೆ ಅವರು, ಪಕ್ಕದಲ್ಲಿ ಅತ್ತೆ, ಕಂಬಕ್ಕೆ ಒರಗಿ ನಾನು. ಎಲ್ಲವನ್ನೂ ಓದುತ್ತಿರಲಿಲ್ಲ. "ಈ ಮೂರು ಅಧ್ಯಾಯ ಬ್ಯಾಡ, ಬರೆದೋನಿಗೆ ಇನ್ನೂ ಕಥೆ ಸಿಕ್ಕಿಲ್ಲ" ಎಂದು ಹಾಳೆ ಮಗುಚುತ್ತಿದ್ದರು. ಪತ್ತೇದಾರಿ ಕಥೆಯಾದರೆ ಕಳ್ಳ ಯಾರೆಂದು ಮೊದಲೇ ಹೇಳಿಬಿಟ್ಟು, "ಈಗ ಕೇಳು, ಅವ್ನು ಹೆಂಗೆ ಸುಳ್ಳು ಹೇಳ್ತಾನೆ ನೋಡು" ಎಂದು ಓದುತ್ತಿದ್ದರು. ಒಂದೊಂದು ಪಾತ್ರಕ್ಕೂ ಬೇರೆ ಬೇರೆ ದನಿ ತೆಗೆಯುತ್ತಿದ್ದರು. ಅವರೇ ಓದಿ ಹೇಳುವಾಗ ನಾನು ಅಕ್ಷರ ಕಲಿಯಬೇಕೆಂದು ಯಾವತ್ತೂ ಅನ್ನಿಸಲಿಲ್ಲ.

ಮೊದಲನೆಯ ದೊಡ್ಡ ಯುದ್ಧ ಮುಗಿಯುವ ಕಾಲಕ್ಕೆ ಊರೂರನ್ನೇ ಬರಿದು ಮಾಡಿದ ಆ ಜ್ವರ ಬಂತು. ನಮ್ಮ ಬೀದಿಯಲ್ಲಿ ಜ್ವರ ಕಾಲಿಡದ ಮನೆ ಇರಲಿಲ್ಲ. ಮೊದಲು ಅತ್ತೆ ಮಲಗಿದರು, ಅವರ ಹಿಂದೆಯೇ ನನ್ನ ಗಂಡ. ಅವರಿಗೆ ಪ್ರಜ್ಞೆ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಅತ್ತೆ ಉಸಿರು ಬಿಟ್ಟಾಗ ಮುಂದಿನ ಕೋಣೆಯಲ್ಲಿ ಅವರು ಏನೇನೋ ಬಡಬಡಿಸುತ್ತಿದ್ದರು. ಹೊರಲು ಜನ ಸಿಗುವುದೇ ಕಷ್ಟವಾಗಿದ್ದ ಕಾಲ. ಜಂಗಮರು ಒಬ್ಬರು, ಬೀದಿಯ ನಾಲ್ವರು ಗಂಡಸರು ಸೇರಿ ಅತ್ತೆಯನ್ನು ಮಣ್ಣಿಗೆ ಇಟ್ಟು ಬಂದರು. ಚನ್ನಪಟ್ಟಣದಲ್ಲಿದ್ದ ನನ್ನ ಮೈದುನನೂ ಜ್ವರದಿಂದ ಮಲಗಿದ್ದ. ಮಗನ ಕೈಯಿಂದ ಆಗಬೇಕಾದದ್ದು ಯಾವುದೂ ಆಗಲಿಲ್ಲ.

ಅವರಿಗೆ ಜ್ವರ ಬಿಟ್ಟ ಬೆಳಿಗ್ಗೆ ನಾನು ಗಂಜಿ ತಂದೆ. ಗೋಡೆಗೆ ಒರಗಿ ಕೂತಿದ್ದರು. ಮುಖ ಕೈಯಗಲ ಆಗಿತ್ತು.

"ಯಾಕೆ ಇವತ್ತು ಬೀದೀಲಿ ಯಾರೂ ಇಲ್ವಾ?" ಎಂದು ಕೇಳಿದರು. ದನಿ ವಿಪರೀತ ಜೋರಾಗಿತ್ತು.

ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು. ಎದುರು ಮನೆಯಲ್ಲಿ ಯಾರೋ ಅಳುತ್ತಿದ್ದರು. ನಾನು ಹೌದು ಅಲ್ಲ ಎಂದೇನೋ ಅಂದೆ. ಅವರು ನನ್ನ ಬಾಯನ್ನೇ ನೋಡಿದರು.

"ಯಾಕೆ ಹಂಗೆ ಮೆಲ್ಗೆ ಮಾತಾಡ್ತೀಯ? ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಕೂಗಿದೆ. ಗಂಜಿಯ ಬಟ್ಟಲು ನನ್ನ ಕೈಯಿಂದ ಕೆಳಗೆ ಬಿತ್ತು. ಕಂಚಿನ ಬಟ್ಟಲು. ಅದು ಕಲ್ಲಿನ ನೆಲದ ಮೇಲೆ ಉರುಳಿ ಉರುಳಿ ಸದ್ದು ಮಾಡಿ ನಿಂತಿತು. ಅವರು ಅದನ್ನೇ ನೋಡುತ್ತಿದ್ದರು. ಬಗ್ಗಿ ಎತ್ತಿಕೊಂಡು ಅಂಚಿಗೆ ಗೆಣ್ಣಿನಿಂದ ಹೊಡೆದರು. ಇನ್ನೊಂದು ಸಲ ಹೊಡೆದರು. ಆಮೇಲೆ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟು, "ಅವ್ವ ಎಲ್ಲಿ?" ಎಂದರು.

ನನಗೆ ಬರೆಯಲು ಬಾರದು. ಬಾಯಿಂದ ಹೇಳಿದರೆ ಅವರಿಗೆ ಕೇಳದು. ಹಿಂದಿನ ಕೋಣೆಯ ಕಡೆ ನೋಡಿದೆ. ಅವರೇ ಎದ್ದು, ಗೋಡೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದರು. ಅತ್ತೆಯ ಮಂಚವನ್ನು ತೊಳೆದು ಗೋಡೆಗೆ ನಿಲ್ಲಿಸಿದ್ದೆವು.

ಮೈಯಲ್ಲಿ ಬಲ ಬಂದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕಿವಿಗೆ ಏನೇನೋ ಇಟ್ಟು ನೋಡಿ, ಜೊತೆಗೆ ಬಂದಿದ್ದ ಮೈದುನನ ಕಡೆ ತಿರುಗಿ, ಒಳಗಿನ ನರವೇ ಸತ್ತಿದೆ, ಔಷಧಿ ಕುಡಿಸಿ ದುಡ್ಡು ಕಳೆಯಬೇಡಿ ಎಂದರು. ನನ್ನ ಗಂಡ ಡಾಕ್ಟರ ತುಟಿಯನ್ನು ನೋಡುತ್ತಿದ್ದರು. ಹಿಂದಕ್ಕೆ ಬರುವಾಗ ರೈಲಿನಲ್ಲಿ, "ಇಲ್ಲ ಅಂದ್ರು, ಅಲ್ವಾ?" ಎಂದರು. ನಾನು ತಲೆ ಆಡಿಸಿದೆ.

ಆಗ ಒಂದು ಸ್ಲೇಟು ತಂದರು. ನನಗೆ ಅಕ್ಷರ ಕಲಿಸಿದವರು ಅವರೇ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಾತ್ರೆಗಳ ನಡುವೆ ಕೂರಿಸಿಕೊಂಡು ತಿದ್ದಿಸುತ್ತಿದ್ದರು. ನನಗೆ ಇಪ್ಪತ್ತು ದಾಟಿತ್ತು. ಬೀದಿಯಲ್ಲಿ ಹೋಗುವವರು ನಗುತ್ತಾರೆಂದು ಬೆನ್ನು ಹಾಕಿ ಕೂರುತ್ತಿದ್ದೆ. ಅನ್ನ ಎಂದು ಬರೆಯಲು ಹೋಗಿ ಅಣ್ಣ ಎಂದು ಬರೆದರೆ, "ಅಣ್ಣನ್ನ ಬಡಿಸ್ತೀಯಾ?" ಎಂದು ನಗುತ್ತಿದ್ದರು. ಆ ದಿನಗಳಲ್ಲಿ ಇನ್ನೂ ನಗುತ್ತಿದ್ದರು. ನಾನು ತಪ್ಪಿಲ್ಲದೆ ಬರೆದ ಮೊದಲ ಮಾತು "ಮೆಲ್ಲಗೆ ಮಾತಾಡಿ" ಎಂಬುದು. ತಮ್ಮ ದನಿ ಎಷ್ಟು ಜೋರು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಓದಿ, ತಲೆ ತಗ್ಗಿಸಿದರು. ಅವತ್ತಿನಿಂದ ಮಾತೇ ಕಡಿಮೆಯಾಯಿತು.

ಕಂಚಿನ ವ್ಯಾಪಾರ ನಿಂತಿತು. ಕೂಟಗಲ್ಲಿನ ಒಬ್ಬ ಹೆಂಗಸು ನಮ್ಮಲ್ಲಿ ಕೊಂಡ ಗಂಗಾಳವನ್ನು ಹಿಂದಕ್ಕೆ ತಂದಳು. ಅವರ ಮುಂದೆಯೇ ಅದಕ್ಕೆ ಬಡಿದು, "ಕೇಳ್ರಪ್ಪ ಸಾವ್ಕಾರ್ರೆ, ಒಡ್ದೈತೆ" ಎಂದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವರು ಬೇರೆ ಗಂಗಾಳ ತೆಗೆದು ಅವಳ ಕೈಗೆ ಕೊಟ್ಟಿದ್ದರು. ಅವಳು ಅದನ್ನೂ ಬಡಿದು ನೋಡಿದಳು. ಅದೂ ಒಡೆದದ್ದೇ. ಆ ತಿಂಗಳು ಮಾಲು ತಂದವನು ಎಲ್ಲವನ್ನೂ ಅಂಥದ್ದನ್ನೇ ಹಾಕಿ ಹೋಗಿದ್ದ. ಆಮೇಲೆ ನಮ್ಮ ಅಂಗಡಿಯಲ್ಲಿ ಹಿತ್ತಾಳೆ, ತಾಮ್ರ ಮಾತ್ರ ಉಳಿದವು. ಕೆಲವು ವರ್ಷ ಕಳೆದ ಮೇಲೆ ಅಲ್ಯೂಮಿನಿಯಂ ಬಂತು.

ಗ್ರಾಮಫೋನನ್ನು ಅವರು ತಕ್ಷಣ ಬಿಡಲಿಲ್ಲ. ಕೀ ಕೊಟ್ಟು, ಮುಳ್ಳು ಇಳಿಸಿ, ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂರುತ್ತಿದ್ದರು. ಹಳೆಯ ಪ್ಲೇಟುಗಳೆಲ್ಲ ನೆನಪಿನಲ್ಲಿದ್ದವು. ಬಂದವರಿಗೆ ಇದನ್ನು ಕೇಳಿ, ಅದನ್ನು ಕೇಳಿ ಎಂದು ಹೇಳುತ್ತಲೇ ಇದ್ದರು. ಅವರು ಹೇಳಿದ್ದು ಆಗಲೂ ಸರಿಯಾಗಿಯೇ ಇರುತ್ತಿತ್ತು. ಆದರೆ ಹೊಸ ಪ್ಲೇಟುಗಳು ಬರತೊಡಗಿದವು. ಹಳ್ಳಿಯ ಗೌಡರೊಬ್ಬರು, ಅವರ ಹಳೆಯ ಸ್ನೇಹಿತರು, ಮೈಸೂರಿನಿಂದ ಒಂದನ್ನು ತಂದು ಅಭ್ಯಾಸಬಲದಿಂದ, "ಹೆಂಗೈತೆ ಕೇಳಿ ಹೇಳಿ" ಎಂದು ಕೈಗೆ ಕೊಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ನನ್ನ ಗಂಡ ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನನ್ನನ್ನು ಕರೆದರು. "ನೀನು ಕೇಳಿ ಹೇಳು."

ಕೇಳಿದೆ. ಸ್ಲೇಟಿನ ಮೇಲೆ ಚೆನ್ನಾಗಿದೆ ಎಂದು ಬರೆದೆ.

"ಚೆನ್ನಾಗೈತೆ ಅಂದ್ರೇನು? ಯಾರ್ಗೆ ಚೆನ್ನಾಗೈತೆ?"

ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹಾಡು ನನ್ನ ಒಳಗೇ ಇತ್ತು. ಅದನ್ನು ಅಕ್ಷರಕ್ಕೆ ಇಳಿಸುವುದು ನನ್ನಿಂದ ಆಗಲಿಲ್ಲ. ನನಗಷ್ಟೇ ಅಲ್ಲ, ಯಾರಿಗೂ ಆಗುತ್ತಿರಲಿಲ್ಲವೋ ಏನೋ. ಗೌಡರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆ ವಾರವೇ ನನ್ನ ಗಂಡ ಗ್ರಾಮಫೋನನ್ನು ಚನ್ನಪಟ್ಟಣದಲ್ಲಿದ್ದ ತಮ್ಮನ ಮನೆಗೆ ಕಳಿಸಿಬಿಟ್ಟರು.

ಮಗಳು ಹುಟ್ಟಿದ್ದು ಜ್ವರದ ಮಾರನೆಯ ವರ್ಷ. ಅವಳು ನಡೆಯುವಂತಾದ ಮೇಲೆ ಒಂದು ಬೇಸಿಗೆ ಅರ್ಕಾವತಿಯ ದಂಡೆಯ ಬಯಲಿನಲ್ಲಿ ಬಯಾಸ್ಕೋಪಿನ ಡೇರೆ ಎದ್ದಿತು. ಊರಿಗೆ ಊರೇ ಹೋಗುತ್ತಿತ್ತು. ನಾನು ಬಲವಂತ ಮಾಡಿ ಅವರನ್ನು ಹೊರಡಿಸಿದೆ. ಮುಂದೆ ಬಿಳಿಯ ಪರದೆ, ಒಂದು ಮಗ್ಗುಲಲ್ಲಿ ಹಾರ್ಮೋನಿಯಂ, ತಬಲ. ಕೋಲು ಹಿಡಿದ ಒಬ್ಬ ಆಸಾಮಿ ಚಿತ್ರ ನಡೆಯುವಾಗ ಕಥೆಯನ್ನು ಗಂಟಲು ಕಿತ್ತುಹೋಗುವಂತೆ ಕೂಗಿ ಹೇಳುತ್ತಿದ್ದ. ಪರದೆಯ ಮೇಲಿನ ಜನ ತುಟಿ ಆಡಿಸುತ್ತಿದ್ದರು, ದನಿ ಇಲ್ಲ. ನಡುನಡುವೆ ಅಕ್ಷರ ಬರುತ್ತಿತ್ತು.

ನಾನು ಚಿತ್ರವನ್ನು ಸರಿಯಾಗಿ ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅವರು ಮುಂದಕ್ಕೆ ಬಗ್ಗಿ ಕೂತಿದ್ದರು. ಪರದೆಯ ಮೇಲಿನವರ ಮಾತು ಅವತ್ತು ಆ ಡೇರೆಯಲ್ಲಿ ಯಾರಿಗೂ ಅವರಿಗಿಂತ ಹೆಚ್ಚು ಕೇಳುತ್ತಿರಲಿಲ್ಲ. ಆಚೆಗೆ ಬಂದ ಮೇಲೆ ದಾರಿಯುದ್ದಕ್ಕೂ ಮಾತು. ಅಷ್ಟು ಮಾತಾಡಿ ವರ್ಷಗಳೇ ಆಗಿದ್ದವು. ನಮ್ಮ ತುಟಿ ನೋಡಿ ನೋಡಿ ಅವರಿಗೆ ತುಟಿ ಓದುವುದು ಚೆನ್ನಾಗಿ ಬಂದುಬಿಟ್ಟಿತ್ತು. "ಆ ಕೋಲಿನೋನು ಹೇಳಿದ್ದು ಸುಳ್ಳು ಕಣೆ. ರಾಣಿ ಶಾಪ ಹಾಕ್ಲಿಲ್ಲ. ಅವ್ಳು 'ಬೇಗ ಮುಗ್ಸಿ, ಹೊಟ್ಟೆ ಹಸೀತೈತೆ' ಅಂದ್ಳು. ನಮ್ಮ ಕಡೆಯೋಳೇ, ಕನ್ನಡದೋಳು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂಗಡಿಗೆ ಮತ್ತೆ ಜನ ಬರತೊಡಗಿದರು. ಡೇರೆಗೆ ಹೊಸ ಚಿತ್ರ ಬಂದರೆ ಮೊದಲ ದಿನವೇ ಇವರು ಹೋಗಿ ಬರುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆಯಿಂದ ವಿಚಾರಣೆ. "ನಿಮ್ಮ ಅತ್ತೇನ ಕರ್ಕೊಂಡೋಗಿ. ಹೆಂಡ್ತೀನ ಬ್ಯಾಡ." "ನೀನು ಹೋಗ್ಲೇಬೇಕು ಕಣ್ಲಾ, ಕೊನೇಲಿ ಆ ಕುದ್ರೆ ಒಬ್ಬಂಟಿಯಾಗಿ ಹಿಂದಕ್ಕೆ ಬರ್ತದೆ, ಅದ್ನ ನೋಡು ಸಾಕು, ಮಿಕ್ಕಿದ್ದು ಬುಡು." ಕೇಳಿದವರು ಬಾಯಿ ದೊಡ್ಡದಾಗಿ ತೆರೆದು, ನಿಧಾನವಾಗಿ ಮಾತಾಡಲು ಕಲಿತಿದ್ದರು. ಡೇರೆ ಚನ್ನಪಟ್ಟಣಕ್ಕೆ ಹೋದರೆ ಅವರು ರೈಲು ಹತ್ತಿ ಅಲ್ಲಿಗೂ ಹೋಗುತ್ತಿದ್ದರು. ಮಗಳು ಅವರ ತೊಡೆಯ ಮೇಲೆ ಕೂತು ಬೆಳೆದಳು. ನನ್ನ ಬದುಕಿನಲ್ಲಿ ಇನ್ನೊಮ್ಮೆ ಬೇಕು ಅನ್ನಿಸುವ ವರ್ಷಗಳು ಅವಷ್ಟೇ.

ಮಗಳಿಗೆ ಹಾಡು ಯಾರು ಕಲಿಸಿದರು ಎಂದರೆ ಯಾರೂ ಇಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಕೇಳಿದ್ದು, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೇಳಿದ್ದು, ಡೇರೆಯ ಹಾರ್ಮೋನಿಯಂನಿಂದ ಹಿಡಿದದ್ದು. ಹನ್ನೆರಡು ಹದಿಮೂರರ ಹೊತ್ತಿಗೆ ಅವಳ ದನಿ ಬಲಿಯಿತು. ಪಾತ್ರೆ ಬೆಳಗುತ್ತಾ ಅವಳು ಹಾಡಿದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಅದನ್ನು ಮೊದಲು ಕಂಡವರು ಅವರೇ. ಅಂಗಡಿಯಲ್ಲಿ ಕೂತಿದ್ದ ಅವರಿಗೆ ಜನ ನಿಂತು ಮನೆಯ ಕಡೆಗೆ ಮುಖ ಮಾಡುವುದು ಕಂಡಿತು.

ಒಳಗೆ ಬಂದು ನನ್ನನ್ನು ಕೇಳಿದರು. "ಕೂಸು ಹಾಡ್ತದಾ?"

ಹೌದು ಎಂದು ತಲೆ ಆಡಿಸಿದೆ.

ಮಗಳನ್ನು ಎದುರಿಗೆ ಕೂರಿಸಿಕೊಂಡು ಹಾಡು ಎಂದರು. ಅವಳು ನಾಚಿಕೊಂಡು ಹಾಡಿದಳು. ಅವರು ಅವಳ ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂತರು. ಮುಗಿದ ಮೇಲೆ ಸ್ಲೇಟನ್ನು ನನ್ನ ಕಡೆ ನೂಕಿದರು.

"ನಮ್ಮತ್ರ ಇದ್ದ ಪ್ಲೇಟ್‌ನಲ್ಲಿ ಯಾವ್ದರ ಥರ ಐತೆ ದನಿ? ಅದೊಂದು ಹೇಳು ಸಾಕು. ಮಿಕ್ಕಿದ್ದು ನಾನು ತಿಳ್ಕೋತೀನಿ."

ನಾನು ಒಂದೊಂದನ್ನೇ ನೆನೆಸಿಕೊಂಡೆ. ಅತ್ತೆಯ ಮುದುಕ, ನನ್ನ ಹೆಂಗಸು, ನಾಟಕದವರು, ದೇವರ ಹಾಡಿನವರು. ಯಾವುದಕ್ಕೂ ಹೋಲುತ್ತಿರಲಿಲ್ಲ. ಏನೋ ಒಂದು ಬರೆದುಬಿಡಬಹುದಿತ್ತು. ಬರೆಯಲು ಕೈ ಬರಲಿಲ್ಲ. "ಯಾವುದರ ಹಾಗೂ ಇಲ್ಲ" ಎಂದು ಬರೆದೆ.

ಅವರು ಅದನ್ನು ಬಹಳ ಹೊತ್ತು ಓದಿದರು. ಮೂರು ಪದ ಓದಲು ಅಷ್ಟು ಹೊತ್ತು ಬೇಕಿಲ್ಲ.

"ಹಂಗಾದ್ರೆ ನಂಗೆ ತಿಳಿಯಾಕಿಲ್ಲ ಬುಡು" ಎಂದು ಎದ್ದು ಹೋದರು.

ಮಾತಾಡುವ ಚಿತ್ರ ಬಂದಿದೆ ಎಂಬ ಸುದ್ದಿ ಬೆಂಗಳೂರಿನಿಂದ ಮೊದಲು ಬಂತು. ಆಮೇಲೆ ಚನ್ನಪಟ್ಟಣದ ತಗಡಿನ ಥಿಯೇಟರಿಗೇ ಬಂತು. ಬೀದಿಯವರು ಎಂದಿನಂತೆ ಅಂಗಡಿಗೆ ಬಂದು, "ನೀವು ನೋಡ್ಕೊಂಡು ಬಂದು ಹೇಳಿ ಸಾವ್ಕಾರ್ರೆ" ಎಂದರು. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದರಿಂದ ಇವರಿಗೆ ಏನಾಗುತ್ತದೆಂದು ಯೋಚಿಸಿರಲಿಲ್ಲ, ಅಷ್ಟೆ. ನಾನೂ ಯೋಚಿಸಿರಲಿಲ್ಲ.

ಮೂವರೂ ಹೋದೆವು. ದೀಪ ಆರಿತು. ಪರದೆಯ ಮೇಲೆ ಒಬ್ಬ ರಾಜ ಬಂದು ನಿಂತು, ನೇರವಾಗಿ ನಮ್ಮ ಕಡೆ ಮುಖ ಮಾಡಿ ಹಾಡತೊಡಗಿದ. ಹಾಡಿದ, ಹಾಡಿದ, ಹಾಡುತ್ತಲೇ ಇದ್ದ. ಅಕ್ಷರ ಬರುವುದು ನಿಂತಿತ್ತು. ಭಾಷೆಯೂ ನಮ್ಮದಲ್ಲ, ತುಟಿ ಓದಿದರೂ ಅರ್ಥವಾಗದು. ಮೊದಲಾದರೆ ಕುದುರೆ ಓಡುತ್ತಿತ್ತು, ನದಿ ಉಕ್ಕುತ್ತಿತ್ತು, ಜನ ಕಣ್ಣಿನಲ್ಲೇ ಮಾತಾಡುತ್ತಿದ್ದರು. ಈಗ ಎಲ್ಲರೂ ಕಂಬದ ಹಾಗೆ ನಿಂತಿದ್ದರು. ನನ್ನ ಸುತ್ತ ಜನ ತಲೆದೂಗುತ್ತಿದ್ದರು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಗಳು ಮೈಮರೆತಿದ್ದಳು. ನಾನೂ ಒಂದು ಗಳಿಗೆ ಮರೆತೆ. ತಿರುಗಿ ನೋಡಿದರೆ ಅವರು ಪರದೆಗೆ ಬೆನ್ನು ಹಾಕಿ, ಹಿಂದೆ ಕೂತ ಜನರ ಮುಖಗಳನ್ನು ನೋಡುತ್ತಿದ್ದರು. ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಆಚೆಗೆ ಹೋದರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ, "ಬಾಯಿ ತಕ್ಕೊಂಡು ನಿಂತವ್ರೆ ಕಣೆ ಎಲ್ಲಾರೂ" ಎಂದರು. ಸಿಟ್ಟಿನಿಂದಲ್ಲ. ಕಂಡದ್ದನ್ನು ಹೇಳಿದರು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಜನ ಸೇರಿದರು. ಯಾರು ಹೋಗಬಹುದು, ಯಾರಿಗೆ ಹಿಡಿಸುತ್ತದೆ ಎಂದು ಕೇಳಿದರು. "ಹೋಗಿ. ಎಲ್ಲಾರೂ ಹೋಗಿ" ಎಂದರು. ಎಲ್ಲರೂ ಎಂದು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಯಾರೂ ಬಂದು ಕೇಳಲಿಲ್ಲ. ಮೂಕಿ ಚಿತ್ರದ ಡೇರೆ ಇನ್ನೊಂದು ವರ್ಷ ಅಲ್ಲಿ ಇಲ್ಲಿ ಬಂದು, ಆಮೇಲೆ ಬರಲಿಲ್ಲ.

ಮಗಳನ್ನು ಮಾಗಡಿಗೆ ಕೊಟ್ಟೆವು. ಒಳ್ಳೆಯ ಮನೆ, ಉಣ್ಣಲು ಉಡಲು ಏನೂ ಕೊರತೆಯಿಲ್ಲ. ಆದರೆ ಸೊಸೆಯಂದಿರು ದನಿ ಎತ್ತಿ ಹಾಡುವುದು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಬೇಡ ಎಂದು ಯಾರೂ ಬೈದವರಲ್ಲ. ಮೊದಲ ವಾರ ಅವಳು ಹಾಡಿದಾಗ ಅವಳ ಮಾವ ಎದ್ದು ಹೊರಗೆ ಹೋಗಿ ಜಗುಲಿಯಲ್ಲಿ ಕೂತರಂತೆ. ಅಷ್ಟೇ ಆದದ್ದು. ಬಾಣಂತನಕ್ಕೆ ಬಂದಾಗ ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ತುಟಿ ಬಿಗಿದುಕೊಂಡು ತೂಗುತ್ತಿದ್ದಳು. ಅವರು ಕಂಬಕ್ಕೆ ಒರಗಿ ಅವಳ ಬಾಯನ್ನೇ ನೋಡುತ್ತಿದ್ದರು.

"ಯಾಕವ್ವ ಪದ ಹೇಳಾಕಿಲ್ಲ?"

ಅವಳು ಸ್ಲೇಟು ತೆಗೆದುಕೊಂಡಳು. "ಮರೆತುಹೋಯಿತು ಅಪ್ಪಯ್ಯ" ಎಂದು ಬರೆದಳು. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

ಪುಸ್ತಕವೊಂದು ಉಳಿದಿದೆಯಲ್ಲ, ಕಣ್ಣು ಚೆನ್ನಾಗಿದೆಯಲ್ಲ ಎಂದು ನಾನು ಅಂದುಕೊಂಡಿದ್ದೆ. ಕಾದಂಬರಿಗಳನ್ನು ತರಿಸಿ ಅವರ ಮುಂದೆ ಇಡುತ್ತಿದ್ದೆ. ಓದಲು ಕಲಿತ ಮೇಲೆ ನನಗೆ ಅದರ ರುಚಿ ಹತ್ತಿತ್ತು. ಒಂದು ದಿನ ಒಂದು ಪುಸ್ತಕವನ್ನು ಕೊಟ್ಟು, "ಇದು ನಿಮಗೆ" ಎಂದು ಸ್ಲೇಟಿನ ಮೇಲೆ ಬರೆದೆ. ಅವರು ನಾಲ್ಕು ಹಾಳೆ ತಿರುವಿ ಮುಚ್ಚಿದರು.

"ಮೊದ್ಲು ಓದಿದ್ರೆ ಒಳಗೆ ಜನ ಮಾತಾಡೋದು ಕೇಳ್ಸೋದು ಕಣಮ್ಮಿ. ಇವ್ನ ದನಿ ಗೊಗ್ಗರು, ಇವ್ಳದು ಕೀಚಲು, ಹಂಗೆ. ಈಗ ಬರೀ ಅಕ್ಷರ. ದನಿ ಅಂದ್ರೆ ಹೆಂಗಿರ್ತದೆ ಅನ್ನೋದೇ ನೆಪ್ಪಿಗೆ ಬರಾಕಿಲ್ಲ." ಪುಸ್ತಕವನ್ನು ನನ್ನ ಕಡೆ ಸರಿಸಿ, "ನಿಂದೂ ಬರಾಕಿಲ್ಲ" ಎಂದರು.

ನಾನು ಬಳಪ ಎತ್ತಿಕೊಂಡೆ. ಸ್ಲೇಟಿನ ಮೇಲಿದ್ದ ಮಾತನ್ನು ಒರೆಸಿ ಕೆಳಗಿಟ್ಟೆ.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅಂಗಡಿಗೆ ಹೋಗುತ್ತಿದ್ದರು, ಕೂರುತ್ತಿದ್ದರು, ಊಟಕ್ಕೆ ಒಳಗೆ ಬರುತ್ತಿದ್ದರು. ಏನು ಮಾಡಲಿ ಎಂದು ಕೇಳಿದರೆ ಏನಾದರೂ ಮಾಡು ಎನ್ನುತ್ತಿದ್ದರು. ಇದು ಬೇಕು, ಅದು ಬೇಡ ಎನ್ನುವುದೇ ಅವರಿಂದ ಹೊರಟುಹೋಗಿತ್ತು. ಸಾರಿಗೆ ಉಪ್ಪು ಹಾಕುವುದು ಮರೆತರೂ ಉಣ್ಣುತ್ತಿದ್ದರು.

ಒಂದು ಶ್ರಾವಣದಲ್ಲಿ, ಮಳೆ ಹಿಡಿದ ವಾರ, ಹೊಟ್ಟೆನೋವು ಎಂದು ಮಲಗಿದವರು ಏಳಲಿಲ್ಲ. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಧರಿಸಿ, ಹೂವು ಹಾಕಿದರು. ಮಾಗಡಿಯಿಂದ ಮಗಳು ಬಂದು ನನ್ನ ಪಕ್ಕದಲ್ಲಿ ಕೂತಳು. ಭಜನೆಯವರು ಬಂದು ತಾಳ, ದಮಡಿ ಕೆಳಗಿಟ್ಟು ಕೂತರು. ಅವರಲ್ಲಿ ಹಿರಿಯರಾದವರು ನನ್ನ ಹತ್ತಿರ ಬಗ್ಗಿ, "ಸಾವ್ಕಾರ್ರಿಗೆ ಯಾವ ಪದ ಅಂದ್ರೆ ಇಷ್ಟ ಇತ್ತವ್ವ? ಅದ್ನೇ ಹೇಳ್ತೀವಿ" ಎಂದರು.

ಅವರಿಗೆ ಇಷ್ಟವಾಗಿದ್ದದ್ದು ಅವರಿಗೇ ಮರೆತು ಎಷ್ಟೋ ವರ್ಷಗಳಾಗಿದ್ದವು.

"ನಿಮಗೆ ಯಾವ್ದು ಬತ್ತದೋ ಅದ್ನ ಹೇಳಿ" ಎಂದೆ.

ಅವರು ತಾಳ ಎತ್ತಿಕೊಂಡು ತಮಗೆ ಬರುವುದನ್ನು ಹಾಡಿದರು. ಮಳೆಯಲ್ಲಿ ದಮಡಿಯ ಚರ್ಮ ನೆನೆದು ಸದ್ದು ಸರಿಯಾಗಿ ಬರುತ್ತಿರಲಿಲ್ಲ. ಮಗಳು ಸೆರಗು ಮುಂದಕ್ಕೆ ಎಳೆದು, ತುಟಿ ಬಿಗಿದುಕೊಂಡು ಕೂತಿದ್ದಳು.